ಹೊಲಿಗೆ ಕೂತರೆ ರವಿಕೆ ಕೂರುತ್ತೆ

ಚಾಮರಾಜಪೇಟೆಯ ನಮ್ಮ ಕಲಿಕಾ ಕೇಂದ್ರ ಮಧ್ಯಾಹ್ನ ಮೂರು ಗಂಟೆಗೆ ಶುರುವಾಗುತ್ತೆ. ಅಷ್ಟು ಹೊತ್ತಿಗೆ ಅಡುಗೆ, ಪಾತ್ರೆ, ಬಟ್ಟೆ ಎಲ್ಲಾ ಮುಗಿದಿರುತ್ತೆ. ಮಕ್ಕಳು ಸ್ಕೂಲಿಂದ ಬರೋದಕ್ಕೆ ಇನ್ನೂ ಒಂದು ಗಂಟೆ ಇರುತ್ತೆ. ಆ ಒಂದು ಗಂಟೆ ನಮ್ಮದು.

ಒಂದು ದಿನ ಒಬ್ಬ ಅಕ್ಕ ಪುಸ್ತಕದ ಜೊತೆಗೆ ಒಂದು ಕವರ್ ತಂದರು. ಕವರಿನೊಳಗೆ ಹಸಿರು ಬಣ್ಣದ ಒಂದು ರವಿಕೆ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಬಾಗಿಲ ಪಕ್ಕದಲ್ಲೇ ಕಾಲಲ್ಲಿ ತುಳಿಯೋ ಮಿಷನ್ ಇದೆ. ಬೀದಿಯವರು ಬ್ಲೌಸು, ಲಂಗ, ದಿಂಬಿನ ಕವರು ಅಂತ ಕೊಟ್ಟುಹೋಗುತ್ತಾರೆ.

"ನೋಡಿ ಮಿಸ್, ವಾಪಸ್ ತಂದುಕೊಟ್ಟುಬಿಟ್ರು. ಗೃಹಪ್ರವೇಶಕ್ಕೆ ಉಡೋ ಸೀರೆಗೆ ಹೊಲಿಸಿದ್ದು. ಅಳತೆ ಸರಿ ಇದೆಯಂತೆ. ಆದ್ರೂ ಅಂಗಡೀಲಿ ಹೊಲಿಸಿದ ಹಾಗಿಲ್ಲವಂತೆ. ಉಳಿದ ದುಡ್ಡು ಕೊಡಲ್ಲ ಅಂತಾರೆ. ನನ್ನ ಕೈಯೇ ಸರಿಯಿಲ್ಲ ಬಿಡಿ" ಅಂದರು ಅಕ್ಕ. ಹೇಳುವಾಗ ಮುಖ ಸಣ್ಣದಾಗಿತ್ತು.

ನಾವು ರವಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಹೊಲಿಗೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಎಲ್ಲೂ ದಾರ ಬಿಟ್ಟಿರಲಿಲ್ಲ. ಆದರೆ ಭುಜದ ಮೇಲೆ ಬಟ್ಟೆ ದಪ್ಪಗೆ ಎದ್ದು ನಿಂತಿತ್ತು. ಎದೆಯ ಹತ್ತಿರ ಹಿಡಿದ ಟಕ್ಸಿನ ತುದಿ ಗುಬ್ಬಿಯ ಕೊಕ್ಕಿನ ಹಾಗೆ ಚೂಪಾಗಿತ್ತು. ತೋಳು ಸೇರಿಸಿದ ಜಾಗದಲ್ಲಿ ಒಳಗಿನ ಬಟ್ಟೆ ಒಂದು ಕಡೆ ತೋಳಿಗೆ ತಿರುಗಿತ್ತು, ಇನ್ನೊಂದು ಕಡೆ ಬೆನ್ನಿಗೆ ತಿರುಗಿತ್ತು. ನಡುವೆ ಮುದುಡಿಕೊಂಡಿತ್ತು.

"ಇಸ್ತ್ರಿ ಮಾಡಿದ್ರಾ ಅಕ್ಕಾ?"

"ಮಾಡಿಸಿದೆ ಮಿಸ್. ಎಲ್ಲಾ ಹೊಲಿದು, ಹುಕ್ಸ್ ಹಾಕಿ, ಕೊನೇಲಿ ಬೀದಿ ತುದಿಯ ಗಾಡಿಯವರ ಹತ್ತಿರ ಕೊಟ್ಟು ಮಾಡಿಸಿದೆ."

ಕೈ ಸರಿಯಾಗೇ ಇತ್ತು. ಇಸ್ತ್ರಿ ಮಾಡಿದ ಹೊತ್ತು ಸರಿಯಿರಲಿಲ್ಲ.

ಕೊನೆಯ ಇಸ್ತ್ರಿ ಬೇರೆ, ನಡುವಿನ ಇಸ್ತ್ರಿ ಬೇರೆ

ಗೋಡೆ ಕಟ್ಟೋ ಮೇಸ್ತ್ರಿಯನ್ನು ನೋಡಿದ್ದೀರಲ್ಲ? ಒಂದೆರಡು ಸಾಲು ಇಟ್ಟಿಗೆ ಇಟ್ಟ ಮೇಲೆ ತೂಕದ ಗುಂಡು ಇಳಿಬಿಟ್ಟು ನೋಡುತ್ತಾರೆ. ಸೊಟ್ಟ ಇದ್ದರೆ ಆಗಲೇ ಸರಿ ಮಾಡುತ್ತಾರೆ. ಗೋಡೆ ಪೂರ್ತಿ ಎದ್ದ ಮೇಲೆ ನೋಡಿದರೆ ಏನು ಬಂತು?

ರವಿಕೆಯೂ ಹಾಗೇ. ಭುಜದ ಹೊಲಿಗೆ ಹಾಕಿದಿರಿ. ಅದರ ಮೇಲೆ ತೋಳಿನ ಹೊಲಿಗೆ ಹಾದುಹೋಗುತ್ತೆ. ಅದರ ಮೇಲೆ ಪಕ್ಕದ ಹೊಲಿಗೆ ಸೇರುತ್ತೆ. ಭುಜದ ಹೊಲಿಗೆ ಚಪ್ಪಟೆಯಾಗದೆ ಇದ್ದಾಗಲೇ ತೋಳು ಸೇರಿಸಿಬಿಟ್ಟರೆ, ಆ ಉಬ್ಬು ಎರಡು ಹೊಲಿಗೆಯ ನಡುವೆ ಸಿಕ್ಕಿಕೊಳ್ಳುತ್ತೆ. ಆಮೇಲೆ ಎಷ್ಟು ಇಸ್ತ್ರಿ ತಿಕ್ಕಿದರೂ ಅದು ಅಲ್ಲಿಂದ ಹೊರಗೆ ಬರೋದಿಲ್ಲ. ಗಾಡಿಯವರು ಮೇಲಿನ ಸುಕ್ಕು ತೆಗೆದುಕೊಟ್ಟರು. ಒಳಗೆ ಸಿಕ್ಕಿಕೊಂಡ ಉಬ್ಬನ್ನು ಪಾಪ ಅವರೇನು ಮಾಡಿಯಾರು?

ಅದಕ್ಕೇ ನೆನಪಿಡಬೇಕಾದ ಮಾತು ಒಂದೇ. ಒಂದು ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾದುಹೋಗುವ ಮೊದಲು, ಕೆಳಗಿನ ಹೊಲಿಗೆಗೆ ಇಸ್ತ್ರಿ ಆಗಿರಬೇಕು.

ನಮ್ಮ ಕೇಂದ್ರಕ್ಕೆ ಬರುವವರಲ್ಲಿ ಕೆಲವರು ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದವರು. ಅವರಿಗೆ ಈ ಮಾತು ಹೊಸದಲ್ಲ. ಅಲ್ಲಿ ಒಬ್ಬರು ಕಾಲರ್ ಹೊಲಿಯುತ್ತಾರೆ. ಇನ್ನೊಬ್ಬರು ಅದನ್ನು ಒತ್ತುತ್ತಾರೆ. ಒತ್ತಿದ ಮೇಲೇ ಅದು ಮುಂದಿನ ಮಿಷನ್ನಿಗೆ ಹೋಗುತ್ತೆ. ಮನೆಯಲ್ಲಿ ಹೊಲಿಯುವವರಿಗೆ ಎರಡೂ ಕೆಲಸ ತಮ್ಮದೇ. ಆದ್ದರಿಂದ ಒತ್ತುವ ಕೆಲಸ ಬಿಟ್ಟುಹೋಗುತ್ತೆ. ಎದ್ದುಹೋಗಿ ಇಸ್ತ್ರಿ ಪೆಟ್ಟಿಗೆ ಹಚ್ಚಬೇಕಲ್ಲ ಅಂತ ಬೇಜಾರು. ನಿಜ, ಬೇಜಾರೇ. ಆದರೆ ಅಕ್ಕ ಕಳೆದುಕೊಂಡದ್ದು ಅರ್ಧ ಕೂಲಿ.

ಬಟ್ಟೆಗೆ ಏನಾಗುತ್ತೆ?

ತಲೆಗೆ ನೀರು ಹಾಕಿಕೊಂಡು, ಕೂದಲು ಹಸಿ ಇರುವಾಗಲೇ ಜಡೆ ಹೆಣೆದು ಮಲಗಿ. ಬೆಳಿಗ್ಗೆ ಬಿಚ್ಚಿದರೆ ಕೂದಲು ಅಲೆ ಅಲೆಯಾಗಿರುತ್ತೆ. ಹಸಿಯಲ್ಲಿ ಕೂದಲು ಮೆತ್ತಗಾಗುತ್ತೆ. ಒಣಗುವಾಗ ಯಾವ ರೂಪದಲ್ಲಿ ಇತ್ತೋ ಆ ರೂಪವನ್ನೇ ಹಿಡಿದುಕೊಳ್ಳುತ್ತೆ. ಹತ್ತಿ ಬಟ್ಟೆಯ ಗುಣವೂ ಹೀಗೇ. ನೀರಿನ ಪಸೆ ಮತ್ತು ಬಿಸಿ ಎರಡೂ ಸೇರಿದರೆ ಹತ್ತಿಯ ಎಳೆ ಮೆತ್ತಗಾಗುತ್ತೆ. ಒತ್ತಿದ ಕಡೆಗೆ ಮಲಗುತ್ತೆ. ಒಣಗಿ ತಣ್ಣಗಾದ ಮೇಲೆ ಹಾಗೇ ಉಳಿಯುತ್ತೆ.

ಇಲ್ಲಿ "ತಣ್ಣಗಾದ ಮೇಲೆ" ಅನ್ನೋ ಮಾತನ್ನು ಗಮನಿಸಿ. ಬಿಸಿ ಇದ್ದಾಗಲೇ ಬಟ್ಟೆಯನ್ನು ಎಳೆದು ಎತ್ತಿದರೆ, ಒತ್ತಿದ್ದು ಬಿಟ್ಟುಕೊಳ್ಳುತ್ತೆ. ಹತ್ತು ಎಣಿಸಿ, ಆಮೇಲೆ ಎತ್ತಿ.

ದಾರದ ವಿಷಯವೂ ಇದೆ. ಮಿಷನ್ ಹೊಲಿಯುವಾಗ ದಾರವನ್ನು ಬಿಗಿಯಾಗಿ ಎಳೆದುಕೊಂಡೇ ಹೊಲಿಯುತ್ತೆ. ಹೊಲಿಗೆ ಮುಗಿದಾಗ ದಾರ ಬಟ್ಟೆಯ ಮೇಲೆ ಕೂತಿರುತ್ತೆ. ಬಟ್ಟೆ ಒಂಚೂರು ನಿರಿಗೆ ಹಿಡಿದ ಹಾಗೆ ಕಾಣುತ್ತೆ. ಬಿಸಿ ತಗುಲಿದರೆ ದಾರ ಸಡಿಲಾಗಿ ಬಟ್ಟೆಯ ಒಳಗೆ ಇಳಿಯುತ್ತೆ. ಇದನ್ನೇ ಟೈಲರ್‌ಗಳು ಹೊಲಿಗೆ ಕೂತಿತು ಅಂತಾರೆ.

ಹೆಬ್ಬೆಟ್ಟು ಒತ್ತಿದ ಹಾಗೆ

ಈಗ ನೀವು ಸಹಿ ಹಾಕುತ್ತೀರಿ. ಆದರೆ ಹಿಂದೆ ಹೆಬ್ಬೆಟ್ಟು ಒತ್ತಿದ್ದು ನೆನಪಿದೆಯಲ್ಲ? ಹೆಬ್ಬೆಟ್ಟನ್ನು ಕಾಗದದ ಮೇಲೆ ಇಟ್ಟು, ಒತ್ತಿ, ಮೇಲಕ್ಕೆ ಎತ್ತುತ್ತಿದ್ದಿರಿ. ಪಕ್ಕಕ್ಕೆ ಜಾರಿಸಿದರೆ ಮಸಿ ಹರಡಿ ಗುರುತೇ ಕೆಡುತ್ತಿತ್ತು.

ಹೊಲಿಗೆಗೆ ಇಸ್ತ್ರಿ ಮಾಡೋದೂ ಹಾಗೇ. ಪೆಟ್ಟಿಗೆಯನ್ನು ಇಡಿ. ಒತ್ತಿ. ಎತ್ತಿ. ಮುಂದಿನ ಜಾಗಕ್ಕೆ ಇಡಿ. ಸೀರೆಗೆ ತಿಕ್ಕಿದ ಹಾಗೆ ಉದ್ದಕ್ಕೆ ತಿಕ್ಕಬೇಡಿ.

ಯಾಕೆ ಅಂದರೆ, ಕತ್ತಿನ ಸುತ್ತು, ಕಂಕುಳಿನ ಸುತ್ತು ಎಲ್ಲಾ ಬಟ್ಟೆಯ ಓರೆಗೆ ಕತ್ತರಿಸಿದ ಜಾಗ. ಒಂದು ಕರ್ಚೀಫು ತೆಗೆದುಕೊಂಡು ಎದುರುಬದುರು ಮೂಲೆಗಳನ್ನು ಹಿಡಿದು ಎಳೆದು ನೋಡಿ. ರಬ್ಬರಿನ ಹಾಗೆ ಹಿಗ್ಗುತ್ತೆ. ಅಂಚನ್ನು ಹಿಡಿದು ಎಳೆದರೆ ಅಷ್ಟು ಹಿಗ್ಗಲ್ಲ. ಓರೆ ಬಟ್ಟೆಯ ಮೇಲೆ ಬಿಸಿ ಪೆಟ್ಟಿಗೆ ತಿಕ್ಕಿದರೆ ಅದು ಹಿಗ್ಗಿ ಹಾಗೇ ನಿಂತುಬಿಡುತ್ತೆ. ಆಮೇಲೆ ಕತ್ತು ಅಗಲವಾಯಿತು, ಭುಜದಿಂದ ಜಾರುತ್ತೆ ಅಂತ ದೂರು ಬರುತ್ತೆ. ನಾವು ಕತ್ತರಿಯನ್ನು ಬೈಯುತ್ತೇವೆ.

ಒಂದು ರವಿಕೆ, ಮೊದಲಿಂದ

ಬನ್ನಿ, ಒಂದು ಕಾಟನ್ ರವಿಕೆಯನ್ನು ಜೊತೆಯಲ್ಲಿ ಹೊಲಿಯೋಣ. ನಿಮಗೆ ಹೊಲಿಯೋದು ಗೊತ್ತೇ ಇದೆ. ಇಸ್ತ್ರಿ ಎಲ್ಲೆಲ್ಲಿ ಬರುತ್ತೆ ಅಂತ ಮಾತ್ರ ನೋಡೋಣ.

ಕತ್ತರಿಸೋ ಮುಂಚೆಯೇ ಒಂದು ಕೆಲಸ ಇದೆ. ಲೈನಿಂಗ್ ಬಟ್ಟೆಯನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತೆ. ನೆನೆಸದೆ ಹೊಲಿದರೆ, ಮೊದಲ ಸಲ ಒಗೆದಾಗ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆಯನ್ನು ಎಳೆದುಕೊಳ್ಳುತ್ತೆ. ಸುಕ್ಕು ಇರೋ ಬಟ್ಟೆಯ ಮೇಲೆ ಅಳತೆ ಹಾಕಿದರೂ ಅಳತೆ ತಪ್ಪುತ್ತೆ.

ಮೊದಲು ಟಕ್ಸ್. ಎಲ್ಲಾ ಟಕ್ಸ್‌ಗಳನ್ನೂ ಒಟ್ಟಿಗೆ ಹೊಲಿದುಬಿಡಿ. ಒಂದೊಂದಕ್ಕೂ ಏಳಬೇಡಿ. ಎಲ್ಲಾ ಆದ ಮೇಲೆ ಎದ್ದು, ಮೊದಲು ಹೊಲಿದ ಹಾಗೇ, ಮಡಿಸಿದ ಸ್ಥಿತಿಯಲ್ಲೇ ಒಂದು ಸಲ ಒತ್ತಿ. ಇದು ದಾರ ಇಳಿಯಲಿ ಅಂತ. ಆಮೇಲೆ ಬಿಡಿಸಿ ಒಂದು ಕಡೆಗೆ ಮಲಗಿಸಿ ಒತ್ತಿ. ಸೊಂಟದಿಂದ ಮೇಲಕ್ಕೆ ಹೋಗುವ ಟಕ್ಸ್ ನಡುವಿನ ಕಡೆಗೆ ಮಲಗಲಿ. ಪಕ್ಕದಿಂದ ಎದೆಗೆ ಬರುವ ಟಕ್ಸ್ ಕೆಳಗೆ ಮಲಗಲಿ. ಎಡಕ್ಕೂ ಬಲಕ್ಕೂ ಒಂದೇ ರೀತಿ ಇರಲಿ. ಟಕ್ಸ್ ಮುಗಿಯುವ ಜಾಗದಲ್ಲೇ ಪೆಟ್ಟಿಗೆ ನಿಲ್ಲಿಸಿ. ಅದನ್ನು ದಾಟಿ ಒತ್ತಿದರೆ ಮುಂದಿನ ಬಟ್ಟೆಯಲ್ಲೂ ಒಂದು ಮಡಿಕೆ ಬೀಳುತ್ತೆ.

ಟಕ್ಸ್ ತುದಿ ಕೊಕ್ಕಿನ ಹಾಗೆ ನಿಂತರೆ ಅದಕ್ಕೆ ಎರಡು ಕಾರಣ. ತುದಿಯಲ್ಲಿ ಹೊಲಿಗೆ ಸಣ್ಣಗಾಗುತ್ತಾ ಬರದೆ ತಟ್ಟನೆ ನಿಂತಿರಬಹುದು. ಇಲ್ಲವೇ ಗಟ್ಟಿ ಮೇಜಿನ ಮೇಲೆ ಚಪ್ಪಟೆಯಾಗಿ ಇಸ್ತ್ರಿ ಮಾಡಿರಬಹುದು. ಟಕ್ಸ್ ಹಿಡಿಯೋದೇ ಬಟ್ಟೆ ಉಬ್ಬಲಿ ಅಂತ. ಅದನ್ನು ಚಪ್ಪಟೆ ಮೇಜಿನ ಮೇಲೆ ಒತ್ತಿದರೆ ಎರಡಕ್ಕೂ ಜಗಳ. ಇದರ ಉಪಾಯ ಮುಂದೆ ಹೇಳುತ್ತೇವೆ.

ಆಮೇಲೆ ಭುಜ. ಹೊಲಿಗೆಯ ಆಚೆ ಉಳಿಯೋ ಬಟ್ಟೆಗೆ ಟೈಲರ್‌ಗಳು ಮಾರ್ಜಿನ್ ಅಂತಾರೆ. ಭುಜದ ಮಾರ್ಜಿನ್ ಎರಡೂ ಸೇರಿಸಿ ಬೆನ್ನಿನ ಕಡೆಗೆ ಮಲಗಿಸಬಹುದು. ಬಟ್ಟೆ ದಪ್ಪ ಇದ್ದರೆ ಪುಸ್ತಕ ಬಿಡಿಸಿದ ಹಾಗೆ ಎರಡು ಕಡೆಗೂ ಬಿಡಿಸಿ ಒತ್ತಿ. ಆಗ ದಪ್ಪ ಹಂಚಿಹೋಗುತ್ತೆ. ಬಿಡಿಸುವಾಗ ಮೊದಲು ಉಗುರಿನಿಂದ ಗೆರೆಯ ಉದ್ದಕ್ಕೂ ಎಳೆದು ದಾರಿ ಮಾಡಿ. ಆಮೇಲೆ ಪೆಟ್ಟಿಗೆಯ ಚೂಪು ತುದಿಯನ್ನು ಆ ದಾರಿಯಲ್ಲಿ ಇಡಿ. ಬೆರಳು ಜೋಪಾನ.

ಕತ್ತಿನ ಪಟ್ಟಿಯಲ್ಲಿ ಅವಸರ ಬೇಡ. ಪಟ್ಟಿ ಹೊಲಿದ ಮೇಲೆ ಮಾರ್ಜಿನ್ನಿಗೆ ಅಲ್ಲಲ್ಲಿ ಕತ್ತರಿಯ ತುದಿಯಿಂದ ಸಣ್ಣ ಸಣ್ಣ ಕಚ್ಚು ಕೊಡಿ. ಹೊಲಿಗೆಯಿಂದ ಎಳ್ಳು ಕಾಳಿನಷ್ಟು ದೂರದಲ್ಲೇ ಕತ್ತರಿ ನಿಲ್ಲಲಿ. ದಾರ ಕತ್ತರಿಸಿದರೆ ಕೆಲಸ ಕೆಟ್ಟಿತು. ಕಚ್ಚು ಕೊಡದೆ ಪಟ್ಟಿ ತಿರುಗಿಸಿದರೆ ಸುತ್ತಿನಲ್ಲಿ ಬಟ್ಟೆ ಎಳೆದುಕೊಂಡು ಸುಕ್ಕಾಗುತ್ತೆ. ಕಚ್ಚು ಕೊಟ್ಟ ಮೇಲೆ ಪಟ್ಟಿಯನ್ನು ಹೊರಕ್ಕೆ ಬಿಡಿಸಿ ಹೊಲಿಗೆಯ ಮೇಲೆ ಒತ್ತಿ. ಆಮೇಲೆ ಒಳಕ್ಕೆ ತಿರುಗಿಸಿ ಅಂಚನ್ನು ಒತ್ತಿ. ತಿರುಗಿಸುವಾಗ ಪಟ್ಟಿ ಒಂದು ಕೂದಲೆಳೆಯಷ್ಟು ಒಳಗೇ ಇರಲಿ. ಹೊರಗೆ ಇಣುಕಬಾರದು. ಈಗ ಕೈಹೊಲಿಗೆ ಹಾಕಿದರೆ ಅದು ತಾನೇ ನೆಟ್ಟಗೆ ಹೋಗುತ್ತೆ. ಗುಂಡುಸೂಜಿಯೂ ಬೇಕಾಗಲ್ಲ.

ಹುಕ್ಸ್ ಪಟ್ಟಿಯನ್ನು ಹೊಲಿಯೋ ಮುಂಚೆಯೇ ಮಡಿಸಿ ಇಸ್ತ್ರಿ ಮಾಡಿಟ್ಟುಕೊಳ್ಳಿ. ಹುಕ್ಸ್ ಹಾಕಿದ ಮೇಲೆ ಅಲ್ಲಿ ಒತ್ತೋದಕ್ಕೆ ಆಗಲ್ಲ. ಹುಕ್ಸಿನ ಗುರುತು ಬಟ್ಟೆಗೆ ಬೀಳುತ್ತೆ, ಪೆಟ್ಟಿಗೆಗೂ ಗೀರು.

ಇನ್ನು ತೋಳು. ಇದೇ ಕಷ್ಟದ್ದು. ತೋಳಿನ ಕೆಳಗಿನ ಅಂಚನ್ನು, ತೋಳು ಇನ್ನೂ ಬಿಡಿಯಾಗಿ ಹರಡಿರುವಾಗಲೇ ಮಡಿಸಿ ಒತ್ತಿಡಿ. ತೋಳನ್ನು ರವಿಕೆಗೆ ಸೇರಿಸಿದ ಮೇಲೆ ಒಳಗಿನಿಂದ ಮಾರ್ಜಿನ್ನಿನ ಮೇಲೆ ಮಾತ್ರ ಒತ್ತಿ. ಪೆಟ್ಟಿಗೆಯ ತುದಿ ಹೊಲಿಗೆಯ ಗೆರೆಯವರೆಗೆ ಬರಲಿ, ಆಚೆ ತೋಳಿನ ಮೇಲೆ ಹತ್ತುವುದು ಬೇಡ. ಆಮೇಲೆ ಮಾರ್ಜಿನ್ ಪೂರ್ತಿ ತೋಳಿನ ಕಡೆಗೆ ತಿರುಗಲಿ. ಭುಜದ ಮೇಲಿನ ಆ ದುಂಡು ಹಾಗೇ ಉಳಿಯಬೇಕು. ಅದನ್ನು ಚಪ್ಪಟೆ ಮಾಡಿದರೆ ಕೈ ಎತ್ತಿದಾಗ ಬಟ್ಟೆ ಹಿಡಿಯುತ್ತೆ.

ಕೊನೆಗೆ ಪಕ್ಕದ ಹೊಲಿಗೆ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಲಿ ಅಂತ ನಾವು ಇಲ್ಲಿ ಒಂದು ಇಂಚಿನಷ್ಟು ಬಟ್ಟೆ ಬಿಡುತ್ತೇವೆ. ಎರಡು ಮೂರು ಸಾಲು ಹೊಲಿಗೆಯನ್ನೂ ಹಾಕುತ್ತೇವೆ. ಅಷ್ಟು ಬಟ್ಟೆ ಕಂಕುಳಿನಲ್ಲಿ ಮುದುಡಿ ಕೂತರೆ ಉಟ್ಟವರಿಗೆ ದಿನವಿಡೀ ಚುಚ್ಚುತ್ತೆ. ಎರಡೂ ಪದರ ಸೇರಿಸಿ ಬೆನ್ನಿನ ಕಡೆಗೆ ಮಲಗಿಸಿ ಒತ್ತಿ.

ಇಷ್ಟೆಲ್ಲಾ ಆದ ಮೇಲೆ ಕೊನೆಯ ಇಸ್ತ್ರಿಗೆ ಐದು ನಿಮಿಷ ಸಾಕು.

ಉಬ್ಬಿಗೆ ಉಬ್ಬಿನ ಆಸರೆ

ಟಕ್ಸಿಗೆ ಉಪಾಯ ಹೇಳುತ್ತೇವೆ ಅಂದಿದ್ದೆವು. ದೊಡ್ಡ ಟೈಲರ್‌ಗಳ ಹತ್ತಿರ ಗಟ್ಟಿಯಾದ ಒಂದು ದಿಂಬು ಇರುತ್ತೆ. ಕುಂಬಳಕಾಯಿ ಹೋಳಿನ ಹಾಗೆ ಉಬ್ಬಾಗಿರುತ್ತೆ. ಎದೆಯ ಭಾಗವನ್ನು ಅದರ ಮೇಲೆ ಹರಡಿ ಒತ್ತುತ್ತಾರೆ. ಆಗ ಉಬ್ಬು ಉಬ್ಬಾಗೇ ಉಳಿಯುತ್ತೆ, ಹೊಲಿಗೆ ಮಾತ್ರ ಕೂರುತ್ತೆ.

ಇದನ್ನು ಮನೆಯಲ್ಲೇ ಮಾಡಬಹುದು. ಹಳೆಯ ದಪ್ಪ ಕಾಟನ್ ಬಟ್ಟೆಯಲ್ಲಿ ಒಂದು ಗೇಣು ಉದ್ದದ ಮೊಟ್ಟೆ ಆಕಾರದ ಚೀಲ ಹೊಲಿಯಿರಿ. ಬಡಗಿ ಅಂಗಡಿಯಿಂದ ಒಣಗಿದ ಮರದ ಹೊಟ್ಟು ತಂದು ಜರಡಿ ಹಿಡಿದು, ಗಟ್ಟಿಯಾಗಿ ತುಂಬಿ. ಬೆರಳಲ್ಲಿ ಒತ್ತಿದರೆ ತಗ್ಗಬಾರದು. ಅಷ್ಟು ಗಟ್ಟಿ. ಹೊಟ್ಟು ಹಬೆಯನ್ನು ಹೀರಿಕೊಳ್ಳುತ್ತೆ. ಬಟ್ಟೆ ಬೇಗ ಒಣಗುತ್ತೆ. ಅಲ್ಲಿಯವರೆಗೆ ಒಂದು ಟವಲ್ಲನ್ನು ಬಿಗಿಯಾಗಿ ಸುತ್ತಿ ಇಟ್ಟುಕೊಂಡರೂ ಕೆಲಸ ನಡೆಯುತ್ತೆ.

ತೋಳಿಗೆ ಚಪಾತಿ ಲಟ್ಟಣಿಗೆ ಬರುತ್ತೆ. ಅದಕ್ಕೆ ಹಳೆ ಬಿಳಿ ಪಂಚೆ ಬಟ್ಟೆ ಸುತ್ತಿ ತೋಳಿನೊಳಗೆ ತೂರಿಸಿ. ಹೊಲಿಗೆಯನ್ನು ಲಟ್ಟಣಿಗೆಯ ನೆತ್ತಿಯ ಮೇಲೆ ಇಟ್ಟು ಒತ್ತಿ. ದುಂಡಗಿರುವುದರಿಂದ ಪೆಟ್ಟಿಗೆ ಹೊಲಿಗೆಯ ಗೆರೆಗೆ ಮಾತ್ರ ತಗಲುತ್ತೆ. ಅಕ್ಕಪಕ್ಕದ ಮಾರ್ಜಿನ್ನಿನ ಅಚ್ಚು ಹೊರಗೆ ಮೂಡಲ್ಲ. "ಇನ್ನು ಚಪಾತಿ ಯಾವುದರಲ್ಲಿ ಲಟ್ಟಿಸೋದು?" ಅಂತ ಕ್ಲಾಸಿನಲ್ಲಿ ನಗು ಎದ್ದಿತ್ತು. ಹೊಲಿಗೆಗೇ ಬೇರೆ ಒಂದು ಇಟ್ಟುಕೊಂಡರೆ ಒಳ್ಳೆಯದು.

ಚಪ್ಪಟೆ ಜಾಗದಲ್ಲಿ ಮಾರ್ಜಿನ್ ಅಚ್ಚು ಹೊರಗೆ ಮೂಡುತ್ತಿದ್ದರೆ, ಮಾರ್ಜಿನ್ನಿನ ಅಡಿಗೆ ಖಾಲಿ ಕಾಗದದ ಪಟ್ಟಿ ಸೇರಿಸಿ ಒತ್ತಿ. ನ್ಯೂಸ್ ಪೇಪರ್ ಬೇಡ. ಬಿಸಿಗೆ ಅದರ ಮಸಿ ಬಟ್ಟೆಗೆ ಹತ್ತುತ್ತೆ.

ಮೇಜಿನ ಮೇಲೆ ಹಳೆ ಕಂಬಳಿ ಮಡಿಸಿ ಹಾಸಿ, ಅದರ ಮೇಲೆ ಬಿಳಿ ಕಾಟನ್ ಬಟ್ಟೆ ಹಾಸಿದರೆ ಇಸ್ತ್ರಿ ಜಾಗ ಸಿದ್ಧ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಾತ್ರ ಬೇಡವೇ ಬೇಡ.

ಪೆಟ್ಟಿಗೆಯ ಚುಕ್ಕೆ ಓದಿ

ಕರೆಂಟ್ ಇಸ್ತ್ರಿ ಪೆಟ್ಟಿಗೆಯ ಮೇಲೆ ತಿರುಗಿಸೋ ಒಂದು ಗುಂಡಿ ಇದೆ. ಅದರ ಸುತ್ತ ಇಂಗ್ಲಿಷ್ ಅಕ್ಷರ ಇರುತ್ತೆ. ಇಂಗ್ಲಿಷ್ ಬರಲ್ಲ ಅಂತ ಹೆದರಬೇಡಿ. ಬಹಳ ಪೆಟ್ಟಿಗೆಗಳಲ್ಲಿ ಅಕ್ಷರದ ಪಕ್ಕ ಚುಕ್ಕೆಗಳೂ ಇರುತ್ತವೆ. ಅವನ್ನು ಎಣಿಸಿದರೆ ಸಾಕು.

ಒಂದು ಚುಕ್ಕೆ ಅಂದರೆ ಕಡಿಮೆ ಬಿಸಿ, ಹೆಚ್ಚೆಂದರೆ 110 ಡಿಗ್ರಿ. ನೈಲಾನ್ ಬಟ್ಟೆಗೆ ಇದು. ಎರಡು ಚುಕ್ಕೆ ಅಂದರೆ 150 ಡಿಗ್ರಿ. ರೇಷ್ಮೆಗೆ, ಉಣ್ಣೆಗೆ. ಮೂರು ಚುಕ್ಕೆ ಅಂದರೆ 200 ಡಿಗ್ರಿ. ಹತ್ತಿ ಬಟ್ಟೆಗೆ. ನೀರು ಕುದಿಯೋದು 100 ಡಿಗ್ರಿಗೆ. ಹಾಗಾದರೆ ಒಂದು ಚುಕ್ಕೆಯ ಬಿಸಿಯೂ ಕುದಿಯೋ ನೀರಿಗಿಂತ ಹೆಚ್ಚು. ರೆಡಿಮೇಡ್ ಬಟ್ಟೆಯ ಕತ್ತಿನ ಹತ್ತಿರದ ಚೀಟಿಯಲ್ಲೂ ಇಸ್ತ್ರಿ ಪೆಟ್ಟಿಗೆಯ ಚಿತ್ರ ಇರುತ್ತೆ. ಅದರೊಳಗೆ ಇದೇ ಚುಕ್ಕೆ. ಚಿತ್ರದ ಮೇಲೆ ಅಡ್ಡ ಗೆರೆ ಹೊಡೆದಿದ್ದರೆ ಇಸ್ತ್ರಿ ಬೇಡ ಅಂತ ಅರ್ಥ.

ಪಾಲಿಯೆಸ್ಟರ್, ಟೆರಿಕಾಟ್ ಬಟ್ಟೆಗೆ ಒಂದು ಚುಕ್ಕೆಯಿಂದ ಶುರು ಮಾಡಿ ನೋಡಿ. ಬಿಸಿ ಹೆಚ್ಚಾದರೆ ಅದು ಹೊಳಪು ಹೊಡೆಯುತ್ತೆ. ಆ ಹೊಳಪು ಒಗೆದರೂ ಹೋಗಲ್ಲ. ಎಳೆಯೇ ಕರಗಿ ಚಪ್ಪಟೆಯಾಗಿರುತ್ತೆ.

ಚಿಕ್ಕಪೇಟೆಯಿಂದ ತಂದ ಬ್ಲೌಸ್ ಪೀಸು ಹತ್ತಿಯೋ, ಪಾಲಿಯೆಸ್ಟರೋ ಗೊತ್ತಾಗದಿದ್ದರೆ, ಅಂಚಿನಿಂದ ನಾಲ್ಕು ಎಳೆ ಕಿತ್ತು ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಬೆಂಕಿ ಕಡ್ಡಿ ಗೀರಿ ನೋಡಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತೆ. ಪಾಲಿಯೆಸ್ಟರ್ ಮುದುಡಿ ಗಟ್ಟಿ ಮಣಿಯಾಗುತ್ತೆ. ಸೆರಗು, ಮಕ್ಕಳು ಎರಡೂ ದೂರ ಇರಲಿ.

ಏನೇ ಇದ್ದರೂ, ಕತ್ತರಿಸಿ ಉಳಿದ ಚೂರನ್ನು ಬಿಸಾಡಬೇಡಿ. ಮೊದಲ ಬಿಸಿ ಅದರ ಮೇಲೇ ಇಡಿ.

ರೇಷ್ಮೆಯ ವಿಷಯ ಬಂದಾಗ ಇನ್ನೂ ಎಚ್ಚರ. ಸೀರೆಯಲ್ಲೇ ಬಂದ ಬ್ಲೌಸ್ ಪೀಸು ಇನ್ನೊಂದು ಸಿಗಲ್ಲ. ರೇಷ್ಮೆಗೆ ನೀರು ಚಿಮುಕಿಸಬೇಡಿ. ಹನಿ ಬಿದ್ದ ಕಡೆ ಕಲೆ ಉಳಿಯಬಹುದು. ಒಳಗಿನ ಬದಿಯಿಂದ, ಮೇಲೆ ಒಣಗಿದ ತೆಳು ಬಿಳಿ ಬಟ್ಟೆ ಹಾಸಿ ಒತ್ತಿ. ಮೈಸೂರು ಸಿಲ್ಕ್ ಕ್ರೇಪ್ ಜಾತಿಯ ಬಟ್ಟೆ. ಎಳೆಯನ್ನು ಹೆಚ್ಚು ಹುರಿಮಾಡಿ ನೇಯ್ದದ್ದು. ಅಂಥ ಬಟ್ಟೆ ನೀರು ಕಂಡರೆ ಕುಗ್ಗುತ್ತೆ. ಜರಿಯ ಮೇಲೆ ನೇರ ಬಿಸಿ ಇಡಲೇಬೇಡಿ.

ಹತ್ತಿಗೆ ಮಾತ್ರ ಪಸೆ ಬೇಕು. ಒಂದು ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಹೊಲಿಗೆಯ ಮೇಲೆ ಹಾಸಿ ಒತ್ತಿ. ಸುಂಯ್ ಅಂತ ಹಬೆ ಬರಬೇಕು, ನೀರು ಹರಿಯಬಾರದು.

ಇದ್ದಿಲು, ಕರೆಂಟು, ಚೊಂಬು

ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು 1898ರ ಪ್ಲೇಗ್ ಆದ ಮೇಲೆ. ಆಗ ಈ ಮನೆಗಳಲ್ಲಿ ಕರೆಂಟ್ ಇರಲಿಲ್ಲ. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತಿನಿಂದ ಬೆಂಗಳೂರಿನಲ್ಲಿ ದೀಪ ಹತ್ತಿದ್ದು 1905ರಲ್ಲಿ. ಅದಕ್ಕೂ ಮುಂಚೆ, ಅದಾದ ಮೇಲೆ ಬಹಳ ವರ್ಷವೂ ಇಸ್ತ್ರಿ ಅಂದರೆ ಇದ್ದಿಲೇ. ಪೆಟ್ಟಿಗೆ ಇಲ್ಲದ ಮನೆಯಲ್ಲಿ ಹಿತ್ತಾಳೆ ಚೊಂಬಿಗೆ ಕೆಂಡ ಹಾಕಿ, ಬಾಯಿಯನ್ನು ಇಕ್ಕಳದಲ್ಲಿ ಹಿಡಿದು ಬಟ್ಟೆ ಒತ್ತುತ್ತಿದ್ದರು. ಚೊಂಬಿನ ತಳ ದುಂಡಗಿರುತ್ತಲ್ಲ, ಅದು ಉಜ್ಜೋದಕ್ಕಿಂತ ಒತ್ತೋದಕ್ಕೇ ಚೆನ್ನ. ಈಗಲೂ ಮರದ ನೆರಳಲ್ಲಿ ಇಸ್ತ್ರಿ ಗಾಡಿಗಳು ನಿಂತಿರುತ್ತವೆ.

ಇದ್ದಿಲು ಪೆಟ್ಟಿಗೆ ಐದಾರು ಕಿಲೋ ತೂಗುತ್ತೆ. ಆ ಭಾರ ಹೊಲಿಗೆ ಕೂರಿಸೋದಕ್ಕೆ ಬಹಳ ಒಳ್ಳೆಯದು. ಆದರೆ ಗುಂಡಿ ಇಲ್ಲ, ಚುಕ್ಕೆ ಇಲ್ಲ. ಬಿಸಿಯನ್ನು ಚೂರು ಬಟ್ಟೆಯ ಮೇಲೆ ನೋಡಿಯೇ ತಿಳಿಯಬೇಕು. ಇಡೋ ಮುಂಚೆ ತಳವನ್ನು ಮಡಿಸಿದ ಬಟ್ಟೆಯಿಂದ ಒರೆಸಿ, ಬೂದಿ ಹತ್ತಿರುತ್ತೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಪೆಟ್ಟಿಗೆ ಬಳಸಲೇಬೇಡಿ. ಕೆಂಡದಿಂದ ಒಂದು ವಿಷದ ಗಾಳಿ ಬರುತ್ತೆ. ಕಾರ್ಬನ್ ಮಾನಾಕ್ಸೈಡ್ ಅಂತ ಅದರ ಹೆಸರು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ತಲೆಸುತ್ತು ಬಂದರೆ ತಕ್ಷಣ ಎದ್ದು ಹೊರಗೆ ಬನ್ನಿ.

ಕರೆಂಟ್ ಪೆಟ್ಟಿಗೆಯ ಪಿನ್ನು ಮೂರು ಇರಬೇಕು. ಮೂರನೆಯದು ಅರ್ತ್. ಶಾಕ್ ಹೊಡೆಯದ ಹಾಗೆ ಕಾಯೋದು ಅದೇ. ಅದನ್ನು ಮುರಿದು ಎರಡು ಪಿನ್ನಿನಲ್ಲಿ ಸಿಕ್ಕಿಸೋದು ಅಪಾಯ. ಒದ್ದೆ ಬಟ್ಟೆ ಹಾಸಿ ಒತ್ತುವಾಗ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಲ್ಲಬೇಡಿ.

ಬಿಲ್ಲಿನ ಚಿಂತೆಯೂ ಇರುತ್ತೆ. ಲೆಕ್ಕ ಹಾಕೋಣ. 1000 ವ್ಯಾಟಿನ ಪೆಟ್ಟಿಗೆ ಬಿಡದೆ 1 ಗಂಟೆ ಉರಿದರೆ 1 ಯೂನಿಟ್. ಗುಂಡಿ ಇರೋ ಪೆಟ್ಟಿಗೆ ಬಿಸಿಯಾದ ಕೂಡಲೇ ತಾನೇ ನಿಂತು, ಆರಿದಾಗ ಮತ್ತೆ ಹತ್ತುತ್ತೆ. ಆದ್ದರಿಂದ ಖರ್ಚು ಅದಕ್ಕಿಂತ ಕಡಿಮೆ. ಎರಡು ಮೂರು ರವಿಕೆಗಳನ್ನು ಜೊತೆಯಲ್ಲೇ ಹೊಲಿದು, ಟಕ್ಸ್ ಎಲ್ಲಾ ಒಮ್ಮೆ, ಭುಜ ಎಲ್ಲಾ ಒಮ್ಮೆ ಅಂತ ಒತ್ತಿದರೆ ಇನ್ನೂ ಉಳಿತಾಯ. ಕರೆಂಟು ಹೋದಾಗ ಉಗುರಿನಿಂದ, ಇಲ್ಲವೇ ಸ್ಟೀಲ್ ಚಮಚದ ಬೆನ್ನಿನಿಂದ ಗಟ್ಟಿಯಾಗಿ ಎಳೆದು ಹೊಲಿಗೆ ಮಲಗಿಸಿ ಮುಂದೆ ಹೋಗಬಹುದು. ಇಸ್ತ್ರಿಯಷ್ಟು ಆಗಲ್ಲ. ಏನೂ ಮಾಡದೆ ಇರೋದಕ್ಕಿಂತ ವಾಸಿ.

ಆ ಹಸಿರು ರವಿಕೆ

ಅಕ್ಕ ಎರಡು ತೋಳನ್ನೂ ಬಿಚ್ಚಿದರು. ಪಕ್ಕದ ಹೊಲಿಗೆಯನ್ನು ಅರ್ಧದವರೆಗೆ ಬಿಚ್ಚಿದರು. ಬಿಚ್ಚೋದಕ್ಕೇ ಒಂದು ಸಂಜೆ ಹೋಯಿತು. ಹೊಸದಾಗಿ ಹೊಲಿಯೋದಕ್ಕಿಂತ ಬಿಚ್ಚೋದು ಎಷ್ಟು ಕಷ್ಟ ಅಂತ ಹೊಲಿಯುವವರಿಗೇ ಗೊತ್ತು. ಭುಜ ಒತ್ತಿದರು. ಸುತ್ತಿದ ಟವಲ್ಲಿನ ಮೇಲೆ ಟಕ್ಸ್ ಒತ್ತಿದರು. ತೋಳು ಸೇರಿಸಿ, ಒಳಗಿನಿಂದ ಒತ್ತಿದರು. ಎರಡು ದಿನ ಬಿಟ್ಟು ಕ್ಲಾಸಿಗೆ ತಂದರು.

ಎಲ್ಲರೂ ಮುಟ್ಟಿ ನೋಡಿದರು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡಿದ್ದ ಇನ್ನೊಬ್ಬ ಅಕ್ಕ ಹೊರಗಡೆ ನೋಡಲೇ ಇಲ್ಲ. ರವಿಕೆಯನ್ನು ಒಳಹೊರಗು ಮಾಡಿ ಒಳಗಿನ ಹೊಲಿಗೆಯ ಮೇಲೆ ಬೆರಳು ಆಡಿಸಿದರು. "ಎಡತೋಳಲ್ಲಿ ಒಂದು ಸುಕ್ಕು ಉಳಿದಿದೆ ಕಣೇ. ಮಿಕ್ಕಿದ್ದು ಪಾಸು" ಅಂದರು.

ಆ ಸುಕ್ಕು ಹೋಗಲಿಲ್ಲ. ಮೊದಲ ಸಲದ ಸೂಜಿಯ ತೂತು ಬಟ್ಟೆಯಲ್ಲಿ ಉಳಿದಿತ್ತು. ಅಲ್ಲಿ ಬಟ್ಟೆ ಸ್ವಲ್ಪ ಎಳೆದುಕೊಂಡಿತ್ತು. ಅಕ್ಕ ಅದನ್ನು ಮುಚ್ಚಿಡದೆ ಗಿರಾಕಿಗೆ ತೋರಿಸಿಯೇ ಕೊಟ್ಟರಂತೆ. ಅವರು ರವಿಕೆ ತೊಟ್ಟುಕೊಂಡು, ಕನ್ನಡಿ ಮುಂದೆ ಕೈ ಎತ್ತಿ ಇಳಿಸಿ ನೋಡಿ, ಉಳಿದ ದುಡ್ಡು ಕೊಟ್ಟರಂತೆ.

ಮರುದಿನ ಅಕ್ಕ ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ, "ಹಸಿರು ಬ್ಲೌಸ್ 1. ದುಡ್ಡು ಬಂತು" ಅಂತ ಬರೆದುಕೊಂಡು ಬಂದಿದ್ದರು. ಬ್ಲೌಸ್ ಅನ್ನುವಾಗ ಒತ್ತು ಎಲ್ಲಿ ಬರಬೇಕು ಅಂತ ಗೊತ್ತಾಗದೆ ಎರಡು ಸಲ ಒರೆಸಿ ಬರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು ಇತ್ತು: "ಮರದ ಹೊಟ್ಟು ತರಬೇಕು."